ಬ್ಯಾಕ್ಟೀರಿಯಾಗಳ ಮಾತು ನಿಲ್ಲಿಸಿದರೆ ಕಾಲಿನ ಹುಣ್ಣು ಮಾಗೀತೇ?

ಪ್ರಶ್ನೆ: ನಾವು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರು. ನನ್ನ ಮಾವನವರಿಗೆ 68 ವರ್ಷ, ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ. ಹೋದ ಮಳೆಗಾಲದಲ್ಲಿ ಗಂಬೂಟು ಉಜ್ಜಿ ಬಲ ಅಂಗಾಲಿನಲ್ಲಿ ಆದ ಗಾಯ ನಾಲ್ಕು ತಿಂಗಳಾದರೂ ಮಾಗಿಲ್ಲ. ಕೀವಿನ ಕಲ್ಚರ್ ಮಾಡಿಸಿದಾಗ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬಂದಿದೆ. ವರದಿಯಲ್ಲಿ ಹೆಚ್ಚಿನ ಔಷಧಿಗಳ ಮುಂದೆ 'ಆರ್' (ನಾಟದು) ಎಂದಿದೆ. 'ಎಸ್' (ನಾಟುತ್ತದೆ) ಎಂದಿರುವ ಮೂರೂ ಇಂಜೆಕ್ಷನ್‌ಗಳು. ಡಾಕ್ಟರು ಮಾತ್ರ ಈಗಲೇ ಇಂಜೆಕ್ಷನ್ ಬೇಡ, ಡ್ರೆಸ್ಸಿಂಗ್ ಮಾಡೋಣ, ಆ ಕಾಲು ಊರಬಾರದು ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮೈದುನ ಒಂದು ಲೇಖನ ಕಳುಹಿಸಿದ್ದಾರೆ. ಬ್ಯಾಕ್ಟೀರಿಯಾಗಳು ತಮ್ಮೊಳಗೆ ಮಾತಾಡಿಕೊಳ್ಳುತ್ತವೆ, ಆ ಮಾತನ್ನು ತಡೆಯುವ ಔಷಧಿ ಬಂದಿದೆ, ಅದಕ್ಕೆ ಬ್ಯಾಕ್ಟೀರಿಯಾ ಎಂದೂ ಒಗ್ಗಿಕೊಳ್ಳುವುದಿಲ್ಲ, ಬೆಳ್ಳುಳ್ಳಿ ಮತ್ತು ಜೇನಿನಲ್ಲೂ ಅದೇ ಗುಣವಿದೆ ಎಂದು ಅದರಲ್ಲಿದೆ. ಆ ಔಷಧಿ ಎಲ್ಲಿ ಸಿಗುತ್ತದೆ? ಅದು ಬರುವವರೆಗೆ ನಮ್ಮ ತೋಟದ ಜೇನು, ಬೆಳ್ಳುಳ್ಳಿ ರಸ ಹಚ್ಚಬಹುದೇ? ಅಡುಗೆಗೆ ಬಳಸುವ ಹುಳಿಯಾದ ಕಾಚಂಪುಳಿ ಹಾಕಿದರೆ ಒಣಗುತ್ತದೆ ಎಂದು ಹೇಳುವವರೂ ಇದ್ದಾರೆ. ನಾವು ಹಂದಿ ಸಾಕುತ್ತೇವೆ. ಈ ಬ್ಯಾಕ್ಟೀರಿಯಾ ಅಲ್ಲಿಂದಲೇ ಬಂದಿರಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಇರುವ ಔಷಧಿಗಳೆಲ್ಲ ಮುಗಿದುಹೋದವೇನೋ ಎಂಬುದು ಒಂದು. ಎಲ್ಲೋ ಹೊಸ ಮದ್ದು ಸಿದ್ಧವಾಗಿದ್ದರೂ ಕೊಡಗಿನಲ್ಲಿರುವ ನಮಗೆ ಅದು ಎಟುಕುತ್ತಿಲ್ಲವೇನೋ ಎಂಬುದು ಇನ್ನೊಂದು. ಎರಡನೆಯದಕ್ಕೆ ನೇರವಾಗಿಯೇ ಉತ್ತರಿಸಿಬಿಡುತ್ತೇನೆ. ಬ್ಯಾಕ್ಟೀರಿಯಾಗಳ ಸಂವಹನವನ್ನು ತಡೆದು ಸೋಂಕು ಗುಣಪಡಿಸುವ ಔಷಧಿಯಾಗಿ ಮನುಷ್ಯರ ಬಳಕೆಗೆ ಅನುಮತಿ ಪಡೆದದ್ದು ಬೆಂಗಳೂರಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಸಂಶೋಧನೆ ನಿಜ, ಔಷಧಿ ಇನ್ನೂ ಬಂದಿಲ್ಲ. ಮೊದಲನೆಯ ಆತಂಕಕ್ಕೆ ಬಂದರೆ, ನಿಮ್ಮ ವರದಿ ಕಾಣುವಷ್ಟು ಕರಾಳವಲ್ಲ, ಮತ್ತು ನೀವು ಬರೆದದ್ದರಿಂದ ತಿಳಿಯುವ ಮಟ್ಟಿಗೆ ನಿಮ್ಮ ಡಾಕ್ಟರು ಸರಿಯಾದ ದಿಕ್ಕಿನಲ್ಲೇ ಇದ್ದಾರೆ.

ಬ್ಯಾಕ್ಟೀರಿಯಾಗಳು ಮಾತಾಡುತ್ತವೆ ಎಂಬುದು ಕಟ್ಟುಕಥೆಯಲ್ಲ. 1970ರಲ್ಲಿ ನೀಲ್‌ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು ಬೆಳಕು ಸೂಸುವ ಕಡಲ ಬ್ಯಾಕ್ಟೀರಿಯಾ ಒಂದನ್ನು ಬೆಳೆಸುತ್ತಿದ್ದಾಗ, ಅದು ವಿರಳವಾಗಿದ್ದಾಗ ಕತ್ತಲೆಯಾಗಿಯೇ ಇದ್ದು, ಸಂಖ್ಯೆ ಒಂದು ಮಟ್ಟ ಮುಟ್ಟಿದ ಕೂಡಲೇ ಬೆಳಗಲು ತೊಡಗುವುದನ್ನು ವಿವರಿಸಿದರು. ವಿಬ್ರಿಯೊ ಫಿಶೆರಿ ಎಂಬ ಈ ಬ್ಯಾಕ್ಟೀರಿಯಾ ಹವಾಯಿಯ ಪುಟ್ಟ ಸ್ಕ್ವಿಡ್ ಒಂದರ ದೇಹದ ಬೆಳಕಿನ ಅಂಗದಲ್ಲಿ ವಾಸಿಸುತ್ತದೆ. ಪ್ರತಿಯೊಂದು ಜೀವಕೋಶವೂ ಒಂದು ಸಣ್ಣ ರಾಸಾಯನಿಕ ಅಣುವನ್ನು ಹೊರಗೆ ಬಿಡುತ್ತಿರುತ್ತದೆ. ಸುತ್ತಲೂ ಆ ಅಣು ದಟ್ಟವಾದರೆ ನಮ್ಮವರು ಸಾಕಷ್ಟು ಮಂದಿ ಸೇರಿದ್ದಾರೆ ಎಂಬುದು ಕೋಶಕ್ಕೆ ತಿಳಿಯುತ್ತದೆ, ಆಗ ಎಲ್ಲವೂ ಒಟ್ಟಿಗೆ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತವೆ. ಗ್ರಾಮಸಭೆಯಲ್ಲಿ ಕೋರಂ ತುಂಬುವವರೆಗೆ ಯಾವ ನಿರ್ಣಯವೂ ಆಗದಿರುವಂತೆಯೇ ಇದು, ಮತ್ತು 1994ರಿಂದ ವಿಜ್ಞಾನಿಗಳು ಇದನ್ನು ಕೋರಂ ಸೆನ್ಸಿಂಗ್ ಎಂದೇ ಕರೆಯುತ್ತಿದ್ದಾರೆ. ಮುಂದೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬಾನಿ ಬ್ಯಾಸ್ಲರ್ ಮತ್ತಿತರರ ಕೆಲಸದಿಂದ, ಇದು ಒಂದು ಕಡಲ ಜೀವಿಯ ವಿಚಿತ್ರ ಗುಣವಲ್ಲ, ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳಲ್ಲೂ ಇದೆ ಎಂಬುದು ಖಚಿತವಾಯಿತು.

ನಿಮ್ಮ ಮಾವನವರ ಗಾಯದಲ್ಲಿ ಸಿಕ್ಕಿರುವ ಸ್ಯೂಡೊಮೊನಾಸ್ ಏರುಜಿನೋಸಾ ಈ ವಿದ್ಯೆಯಲ್ಲಿ ಬಹಳ ಮುಂದಿದೆ. ಅದರಲ್ಲಿ ಲಾಸ್, ಆರ್‌ಎಚ್‌ಎಲ್, ಪಿಕ್ಯುಎಸ್ ಎಂಬ ಮೂರು ಸಂಕೇತ ವ್ಯವಸ್ಥೆಗಳು ಒಂದಕ್ಕೊಂದು ಜೋಡಿಕೊಂಡಿವೆ. ಸಂಖ್ಯೆ ಸಾಕಷ್ಟಾದಾಗ ಅದು ನಮ್ಮ ಅಂಗಾಂಶವನ್ನು ಕರಗಿಸುವ ಎಲಾಸ್ಟೇಸ್ ಎಂಬ ಕಿಣ್ವವನ್ನೂ, ಕೀವಿಗೆ ನೀಲಿಹಸಿರು ಬಣ್ಣ ಕೊಡುವ ಪಯೋಸಯನಿನ್ ಎಂಬ ವಿಷವನ್ನೂ, ಬಿಳಿ ರಕ್ತಕಣಗಳನ್ನು ಒಡೆಯುವ ವಸ್ತುಗಳನ್ನೂ ಒಮ್ಮೆಗೇ ತಯಾರಿಸುತ್ತದೆ. ಗಾಯದ ಮೇಲೆ ಬಯೋಫಿಲ್ಮ್ ಎಂಬ ಲೋಳೆಯ ಪದರ ಬಲಗೊಳ್ಳುವುದರಲ್ಲೂ ಈ ಸಂಕೇತಗಳ ಪಾತ್ರವಿದೆ. ಆ ಪದರದೊಳಗಿನ ಕೋಶಗಳಲ್ಲಿ ಅನೇಕವು ನಿಧಾನವಾಗಿ ಬೆಳೆಯುತ್ತವೆ, ಕೆಲವು ಬೆಳೆಯದೆಯೇ ಬಿದ್ದಿರುತ್ತವೆ. ಬೆಳೆಯುತ್ತಿರುವ ಕೋಶವನ್ನೇ ಹೆಚ್ಚಾಗಿ ಹೊಡೆಯುವ ಆಂಟಿಬಯೋಟಿಕ್‌ಗಳು ಅವನ್ನು ಮುಟ್ಟಲಾರವು. ಹಾಗಾಗಿ ಪ್ರಯೋಗಾಲಯದಲ್ಲಿ 'ಎಸ್' ಎಂದು ಬಂದ ಔಷಧಿಯೂ ಹಳೆಯ ಹುಣ್ಣಿನಲ್ಲಿ ಸೋಲಬಹುದು. ಮೈದುನ ಕಳುಹಿಸಿದ ಲೇಖನದಲ್ಲಿ ಈ ಮಾತು ಇತ್ತೋ ಇಲ್ಲವೋ, ನಿಮಗೆ ಹೆಚ್ಚು ಬೇಕಾದದ್ದು ಇದೇ: ಔಷಧಿಯನ್ನೇ ಸೋಲಿಸುವ ಜೀನ್ ಪಡೆದು ಬ್ಯಾಕ್ಟೀರಿಯಾ ಬದುಕುವುದು ಒಂದು, ಪದರದೊಳಗೆ ಅಡಗಿ ಬದುಕುವುದು ಇನ್ನೊಂದು. ಸಂಕೇತ ತಡೆಯುವ ಸಂಶೋಧನೆ ಮುಖ್ಯವಾಗಿ ಎರಡನೆಯದಕ್ಕೆ ಮತ್ತು ವಿಷಗಳಿಗೆ ಸಂಬಂಧಿಸಿದ್ದು. ಈಗಾಗಲೇ 'ಆರ್' ಆಗಿರುವ ಔಷಧಿಯನ್ನು ಅದು ಮತ್ತೆ 'ಎಸ್' ಮಾಡಿಕೊಡುವುದಿಲ್ಲ.

ಇನ್ನು ಅದಕ್ಕೆ ಬ್ಯಾಕ್ಟೀರಿಯಾ ಎಂದೂ ಒಗ್ಗಿಕೊಳ್ಳುವುದಿಲ್ಲ ಎಂಬ ಮಾತು. ಇದರ ಹಿಂದೆ ಒಂದು ತರ್ಕವಿದೆ, ಅದು ಸುಳ್ಳಲ್ಲ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಇಲ್ಲವೇ ಬೆಳೆಯಗೊಡುವುದಿಲ್ಲ. ಆದ್ದರಿಂದ ಕೋಟಿಯಲ್ಲಿ ಒಂದು ಕೋಶ ತಪ್ಪಿಸಿಕೊಳ್ಳುವ ಬಗೆ ಕಂಡುಕೊಂಡರೂ ಉಳಿದವು ಸತ್ತು ಜಾಗವೆಲ್ಲ ಅದರದ್ದಾಗುತ್ತದೆ. ಕೊಲ್ಲದೆ, ವಿಷ ಮಾಡುವುದನ್ನಷ್ಟೇ ನಿಲ್ಲಿಸಿದರೆ ಅಂಥ ಕೋಶಕ್ಕೆ ಅಷ್ಟು ದೊಡ್ಡ ಲಾಭವಿರದು ಎಂಬುದು ನಿರೀಕ್ಷೆ. ನಿರೀಕ್ಷೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಆಸ್ಟ್ರೇಲಿಯಾದ ಡೆಲಿಸಿಯಾ ಪಲ್ಕ್ರಾ ಎಂಬ ಕೆಂಪು ಕಡಲಪಾಚಿಯಲ್ಲಿ ಸಿಕ್ಕ ಫ್ಯುರನೋನ್‌ಗಳು ಈ ಕ್ಷೇತ್ರದ ಮೊದಲ ದೊಡ್ಡ ಆಸೆಯಾಗಿದ್ದವು. ಅವುಗಳ ಮಾದರಿಯಲ್ಲಿ ತಯಾರಿಸಿದ ಒಂದು ವಸ್ತುವಿಗೆ ಸ್ಯೂಡೊಮೊನಾಸ್ ಪ್ರತಿರೋಧ ತೋರಿದ್ದು 2012ರಲ್ಲೇ ವರದಿಯಾಯಿತು. ಅನೇಕ ಆಂಟಿಬಯೋಟಿಕ್‌ಗಳನ್ನು ಹೊರದೂಡುವ ಬಗೆಯ ಪಂಪುಗಳಿಂದಲೇ ಅದು ಈ ವಸ್ತುವನ್ನೂ ಕೋಶದಿಂದ ಹೊರಗೆ ಹಾಕಿತ್ತು. ಆ ವಸ್ತುಗಳು ನಮ್ಮ ಜೀವಕೋಶಗಳಿಗೂ ವಿಷವಾದ್ದರಿಂದ ಔಷಧಿಯಾಗುವ ಹಾದಿಯಲ್ಲಿ ಅವು ಮುಂದೆ ಸಾಗಲಿಲ್ಲ.

ಅದಕ್ಕಿಂತ ಕುತೂಹಲದ ಸಂಗತಿಯೊಂದು 2010ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಮೇಲೆ ಬರೆಯುವವರೆಲ್ಲ ಓದಲೇಬೇಕಾದ ಫಲಿತಾಂಶ ಅದು. ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರ್‌ನಲ್ಲಿರುವ ರೋಗಿಗಳ ಶ್ವಾಸನಾಳದಲ್ಲಿ ಸ್ಯೂಡೊಮೊನಾಸ್ ನೆಲೆಸಿದ್ದಾಗ ಏನಾಗುತ್ತದೆ ಎಂದು ಸಂಶೋಧಕರು ದಿನದಿನವೂ ಗಮನಿಸಿದರು. ಯಾವ ಔಷಧಿಯನ್ನೂ ಕೊಡದಿದ್ದಾಗ, ಸಂಕೇತಕ್ಕೆ ಕಿವಿಗೊಡದ ರೂಪಾಂತರಿ ಕೋಶಗಳು ಕ್ರಮೇಣ ಹೆಚ್ಚುತ್ತಾ ಹೋದವು. ಗುಂಪಿಗಾಗಿ ಕಿಣ್ವ ತಯಾರಿಸುವ ಖರ್ಚಿಗೆ ಇವು ಪಾಲು ಕೊಡುವುದಿಲ್ಲ, ಇತರರು ತಯಾರಿಸಿದ್ದರ ಫಲವನ್ನು ಮಾತ್ರ ಉಣ್ಣುತ್ತವೆ. ಅದರಿಂದ ಇವುಗಳ ಸಂಖ್ಯೆ ಬೆಳೆಯುತ್ತದೆ, ಆದರೆ ಇವುಗಳ ರೋಗ ತರುವ ಶಕ್ತಿ ಕಡಿಮೆ. ಸಂಕೇತ ವ್ಯವಸ್ಥೆಯನ್ನು ಕುಗ್ಗಿಸುವ ಗುಣವಿರುವ ಅಜಿಥ್ರೊಮೈಸಿನ್ ಕೊಟ್ಟ ರೋಗಿಗಳಲ್ಲಿ ಹೀಗಾಗಲಿಲ್ಲ. ಯಾರೂ ಕಿಣ್ವ ತಯಾರಿಸದಿರುವಾಗ ಪುಕ್ಕಟೆ ಉಣ್ಣುವವರಿಗೆ ಲಾಭವೇನೂ ಇಲ್ಲವಾದ್ದರಿಂದ, ರೋಗ ತರುವ ಶಕ್ತಿಯುಳ್ಳ ಮೂಲ ತಳಿಯೇ ಉಳಿದುಕೊಂಡಿತು. ಅಂದರೆ ಮಾತು ತಡೆಯುವ ಔಷಧಿ ಆ ಕ್ಷಣದಲ್ಲಿ ಬ್ಯಾಕ್ಟೀರಿಯಾವನ್ನು ಸಪ್ಪೆಯಾಗಿಸಿದರೂ, ದೀರ್ಘಕಾಲದಲ್ಲಿ ಹೆಚ್ಚು ಅಪಾಯಕಾರಿ ತಳಿಯನ್ನೇ ಕಾಪಾಡಿ ಇಡಬಹುದು. ಎಂದೂ ಒಗ್ಗಿಕೊಳ್ಳುವುದಿಲ್ಲ ಎಂದು ಬರೆಯುವವರ ಲೆಕ್ಕದಲ್ಲಿ ಇಂಥ ತಿರುವುಗಳು ಇರುವುದಿಲ್ಲ. ಇಲ್ಲಿಯೇ ಒಂದು ಎಚ್ಚರಿಕೆ: ಅಜಿಥ್ರೊಮೈಸಿನ್ ಹೆಸರು ಬಂದಿದೆಯೆಂದು ಮೆಡಿಕಲ್ ಸ್ಟೋರ್‌ನಿಂದ ಅದನ್ನು ತಂದು ಮಾವನವರಿಗೆ ಕೊಡಬೇಡಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ತಜ್ಞರು ಅದನ್ನು ದೀರ್ಘಕಾಲ ಕೊಡುವುದುಂಟು. ಕಾಲಿನ ಹುಣ್ಣಿಗೆ ಅದು ಮದ್ದಲ್ಲ, ಹೃದಯದ ಬಡಿತವನ್ನು ಏರುಪೇರು ಮಾಡುವ ಸಾಧ್ಯತೆಯೂ ಅದಕ್ಕಿದೆ.

ಎಲ್ಲ ಬ್ಯಾಕ್ಟೀರಿಯಾಗಳ ಸಂಕೇತವೂ ಒಂದೇ ಅಲ್ಲ ಎಂಬುದನ್ನೂ ಲೇಖನಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಕಾಲರಾ ಬ್ಯಾಕ್ಟೀರಿಯಾ ಸಂಖ್ಯೆ ಹೆಚ್ಚಾದಾಗ ವಿಷ ತಯಾರಿಸುವುದನ್ನು ನಿಲ್ಲಿಸಿ ಕರುಳಿನಿಂದ ಹೊರಡುವ ಸಿದ್ಧತೆ ಮಾಡುತ್ತದೆ, ಆದ್ದರಿಂದ ಅಲ್ಲಿ ಸಂಕೇತವನ್ನು ತಡೆದರೆ ಹಾನಿ, ಹೆಚ್ಚಿಸಿದರೆ ಲಾಭ. ಗಾಯಗಳಲ್ಲಿ ಸ್ಯೂಡೊಮೊನಾಸ್ ಜೊತೆಗೆ ಆಗಾಗ ಸಿಗುವ ಸ್ಟೆಫಿಲೊಕಾಕಸ್ ಆರಿಯಸ್‌ನಲ್ಲಿ ಸಂಕೇತವನ್ನು ತಡೆದರೆ ವಿಷ ಕಡಿಮೆಯಾಗುತ್ತದೆ, ಆದರೆ ಬಯೋಫಿಲ್ಮ್ ಗಟ್ಟಿಯಾಗುವ ಸಂಭವವಿದೆ. ನಿಮ್ಮ ಮಾವನವರ ಹುಣ್ಣಿನಂಥ ಹಳೆಯ ಹುಣ್ಣಿನಲ್ಲಿ ಹಲವು ಜಾತಿಯ ಬ್ಯಾಕ್ಟೀರಿಯಾಗಳು ಒಟ್ಟಿಗೆ ಇರುವುದೇ ಹೆಚ್ಚು. ಒಂದಕ್ಕೆ ಹಾಕಿದ ತಡೆ ಇನ್ನೊಂದಕ್ಕೆ ಅನುಕೂಲವಾಗಿಬಿಡಬಹುದು.

ಈ ಸಂಶೋಧನೆಯಿಂದ ಏನೂ ಪ್ರಯೋಜನವಿಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ಮನುಷ್ಯನ ದೇಹದ ಹೊರಗೆ ಅದು ಈಗಾಗಲೇ ಚೆನ್ನಾಗಿ ಕೆಲಸ ಮಾಡಿ ತೋರಿಸಿದೆ. ಕೊಳಚೆ ನೀರು ಶುದ್ಧೀಕರಿಸುವ ಜರಡಿಪೊರೆಗಳ ಮೇಲೆ ಲೋಳೆ ಕಟ್ಟುವುದನ್ನು ಸಂಕೇತ ಒಡೆಯುವ ಬ್ಯಾಕ್ಟೀರಿಯಾಗಳಿಂದ ತಗ್ಗಿಸುವ ಕೆಲಸ ದಕ್ಷಿಣ ಕೊರಿಯಾದಲ್ಲಿ ಬಹಳ ಮುಂದುವರಿದಿದೆ. ಸಂಕೇತದ ಅಣುವನ್ನು ತುಂಡರಿಸುವ ಕಿಣ್ವದ ಜೀನನ್ನು ಆಲೂಗಡ್ಡೆ ಮತ್ತು ತಂಬಾಕಿನ ಗಿಡಗಳಿಗೆ ಸೇರಿಸಿದಾಗ ಅವು ಬ್ಯಾಕ್ಟೀರಿಯಾದಿಂದ ಬರುವ ಕೊಳೆರೋಗವನ್ನು ತಡೆದುಕೊಂಡದ್ದನ್ನು ಸಿಂಗಪುರದ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಗದ್ದೆಯಲ್ಲಿ ಶುಂಠಿ ಹಾಕುವ ನಮ್ಮವರಿಗೆ ಇದನ್ನು ಕೇಳಿ ಆಸೆ ಹುಟ್ಟುವುದು ಸಹಜ. ಆದರೆ ಶುಂಠಿಯನ್ನು ಬಾಡಿಸುವ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ತನ್ನ ರೋಗಶಕ್ತಿಯನ್ನು ನಿಯಂತ್ರಿಸಿಕೊಳ್ಳುವ ಸಂಕೇತವೇ ಬೇರೆ ರಚನೆಯದು, ಆ ಕಿಣ್ವ ಅದಕ್ಕೆ ನಾಟದು.

ಈಗ ನಿಮ್ಮ ಕೈಯಲ್ಲಿರುವ ವರದಿ. ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವ ಕಾಗದ ಅದೇ, ಮತ್ತು ಆ ಗಾಬರಿಯಲ್ಲಿ ಸ್ವಲ್ಪ ಪಾಲು ವರದಿ ಬರೆಯುವ ನಮ್ಮಂಥವರದೂ ಹೌದು. ಸ್ಯೂಡೊಮೊನಾಸ್‌ಗೆ ಅಮಾಕ್ಸಿಸಿಲಿನ್, ಸೆಫ್ಟ್ರಯಾಕ್ಸೋನ್ ಮುಂತಾದ ಅನೇಕ ಔಷಧಿಗಳು ಎಂದೂ ನಾಟುತ್ತಿರಲಿಲ್ಲ. ಅದರ ಹೊರಪೊರೆಯೇ ಬಿಗಿ, ಒಳಗೆ ಹೋದದ್ದನ್ನು ಹೊರದೂಡುವ ಪಂಪುಗಳು ಬೇರೆ. ಅವುಗಳ ಮುಂದೆ ಇರುವ 'ಆರ್' ಹುಟ್ಟುಗುಣವನ್ನು ಹೇಳುತ್ತದೆಯೇ ಹೊರತು ಮಾವನವರ ದೇಹದಲ್ಲಿ ಹೊಸದಾಗಿ ಬೆಳೆದ ಪ್ರತಿರೋಧವನ್ನಲ್ಲ. ನಿಜವಾಗಿ ನೋಡಬೇಕಾದ್ದು ಸೆಫ್ಟಾಜಿಡಿಮ್, ಪಿಪರಾಸಿಲಿನ್-ಟಾಜೊಬ್ಯಾಕ್ಟಮ್, ಮೆರೊಪೆನೆಮ್, ಸಿಪ್ರೊಫ್ಲಾಕ್ಸಸಿನ್, ಅಮಿಕಾಸಿನ್‌ನಂಥ ಕೆಲವೇ ಸಾಲುಗಳನ್ನು. ಕೊಲಿಸ್ಟಿನ್ ಮುಂದೆ 'ಐ' (ನಡುವಿನ ವರ್ಗ) ಎಂದಿದ್ದರೆ ಅದಕ್ಕೂ ಹೆದರಬೇಡಿ. ಅನೇಕ ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಆ ಔಷಧಿಗೆ 'ಎಸ್' ಎಂಬ ವರ್ಗವೇ ಇಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆಯೊಂದಿದೆ. ಮಾದರಿಯನ್ನು ಹೇಗೆ ತೆಗೆದರು? ಹುಣ್ಣಿನ ಮೇಲ್ಭಾಗದಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆದಿದ್ದರೆ, ಅಲ್ಲಿ ಸುಮ್ಮನೆ ನೆಲೆಸಿರುವ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಸ್ಯೂಡೊಮೊನಾಸ್ ನೀರು, ತೇವ, ಒದ್ದೆ ಬ್ಯಾಂಡೇಜು ಎಲ್ಲೆಡೆ ಇರುವಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಬೂಟಿನ ಒಳಗೆ ಅದಕ್ಕೆ ಬೇಕಾದ ವಾತಾವರಣವೆಲ್ಲ ಸಿಗುತ್ತದೆ. ವರದಿಯಲ್ಲಿ ಬ್ಯಾಕ್ಟೀರಿಯಾ ಬಂದ ಮಾತ್ರಕ್ಕೆ ಸೋಂಕು ಇದೆ ಎಂದಾಗುವುದಿಲ್ಲ. ಸೋಂಕನ್ನು ಡಾಕ್ಟರು ಕಾಲು ನೋಡಿ ನಿರ್ಧರಿಸುತ್ತಾರೆ: ಸುತ್ತ ಕೆಂಪು, ಬಿಸಿ, ಬಾವು, ನೋವು, ಕೀವು ಇವುಗಳಲ್ಲಿ ಕನಿಷ್ಠ ಎರಡು ಇರಬೇಕು. ಸೋಂಕಿಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಕೊಟ್ಟರೆ ಅದು ಬೇಗ ಮಾಗುವುದಿಲ್ಲ, ಮುಂದೆ ನಿಜವಾಗಿ ಬೇಕಾದಾಗ ಔಷಧಿ ಕೆಲಸ ಮಾಡದಿರುವ ಸಾಧ್ಯತೆ ಮಾತ್ರ ಹೆಚ್ಚುತ್ತದೆ. ನಿಮ್ಮ ಡಾಕ್ಟರು ಇಂಜೆಕ್ಷನ್ ತಡೆಹಿಡಿದಿರುವುದು ಈ ಕಾರಣಕ್ಕೇ ಇರಬೇಕು. ಸೋಂಕು ಇದೆ ಎಂದು ತೀರ್ಮಾನವಾದರೆ, ಹುಣ್ಣನ್ನು ಶುಚಿಗೊಳಿಸಿದ ಮೇಲೆ ಒಳಗಿನ ಅಂಗಾಂಶದ ತುಣುಕನ್ನು ಕಲ್ಚರ್‌ಗೆ ಕಳುಹಿಸಲು ಸಾಧ್ಯವೇ ಎಂದು ಕೇಳಿ.

ಮನೆಮದ್ದುಗಳ ಬಗ್ಗೆ. ಬೆಳ್ಳುಳ್ಳಿಯಲ್ಲಿರುವ ಅಜೋಯೀನ್ ಎಂಬ ಅಂಶ ಪ್ರಯೋಗಾಲಯದಲ್ಲಿ ಸ್ಯೂಡೊಮೊನಾಸ್‌ನ ಸಂಕೇತವನ್ನು ಕುಗ್ಗಿಸುವುದು ನಿಜ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಿಗೆ ಬೆಳ್ಳುಳ್ಳಿ ಕೊಟ್ಟು ನೋಡಿದ ಸಣ್ಣ ಪರೀಕ್ಷೆಯಲ್ಲಿ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ ಚರ್ಮದ ಮೇಲೆ ಕಟ್ಟಿದರೆ ಸುಟ್ಟ ಗಾಯದಂತೆ ಬೊಬ್ಬೆ ಏಳುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋಗಿರುವವರಿಗೆ ಉರಿ ತಿಳಿಯುವುದೇ ಇಲ್ಲ. ಬೆಳ್ಳುಳ್ಳಿ ಖಂಡಿತ ಬೇಡ.

ಜೇನಿನ ವಿಷಯ ಸ್ವಲ್ಪ ಬೇರೆ. ಅದರ ದಟ್ಟ ಸಕ್ಕರೆ, ಹುಳಿಗುಣ, ಅದರಲ್ಲಿ ನಿಧಾನವಾಗಿ ಉತ್ಪತ್ತಿಯಾಗುವ ಹೈಡ್ರೋಜನ್ ಪೆರಾಕ್ಸೈಡ್ ಇವೆಲ್ಲ ಬ್ಯಾಕ್ಟೀರಿಯಾಕ್ಕೆ ಪ್ರತಿಕೂಲ. ಸಣ್ಣಪುಟ್ಟ ಸುಟ್ಟ ಗಾಯಗಳು ಜೇನಿನಿಂದ ಬೇಗ ಮಾಗುತ್ತವೆ ಎಂಬುದಕ್ಕೆ ಆಧಾರವಿದೆ. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಅಂಥ ಖಚಿತ ಆಧಾರವಿಲ್ಲ. ಆಸ್ಪತ್ರೆಗಳಲ್ಲಿ ಬಳಸುವ ಜೇನನ್ನು ಗಾಮಾ ಕಿರಣಗಳಿಂದ ಶುದ್ಧೀಕರಿಸಿರುತ್ತಾರೆ. ತೋಟದ ತುಡುವೆ ಜೇನಾಗಲಿ, ಮರದ ಮೇಲಿನ ಹೆಜ್ಜೇನಾಗಲಿ ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿ ಕ್ಲಾಸ್ಟ್ರಿಡಿಯಮ್ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಗಳು ಇರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಮನೆಯ ಜೇನು ಊಟಕ್ಕಿರಲಿ, ಮಾವನವರ ಊಟಕ್ಕೆ ಅದೂ ಬೇಡ. ಡಾಕ್ಟರಿಗೆ ಒಪ್ಪಿಗೆಯಾದರೆ ಶುದ್ಧೀಕರಿಸಿದ ಜೇನಿನ ಡ್ರೆಸ್ಸಿಂಗ್ ಬಗ್ಗೆ ಕೇಳಬಹುದು.

ಕಾಚಂಪುಳಿ ಹೇಳಿದವರು ಪೂರ್ತಿ ಗಾಳಿಯಲ್ಲಿ ಹೇಳಿಲ್ಲ. ಸ್ಯೂಡೊಮೊನಾಸ್‌ಗೆ ಹುಳಿ ಆಗುವುದಿಲ್ಲ, ಅಸಿಟಿಕ್ ಆಮ್ಲದ ತೆಳುವಾದ ದ್ರಾವಣವನ್ನು ವೈದ್ಯರು ಡ್ರೆಸ್ಸಿಂಗ್‌ಗೆ ಬಳಸುವುದು ಹಳೆಯ ಪದ್ಧತಿ. ಆದರೆ ಅದು ಅಳತೆ ಮಾಡಿದ, ಶುದ್ಧ ದ್ರಾವಣ. ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಗಟ್ಟಿಮಾಡಿದ ಕಾಚಂಪುಳಿಯಲ್ಲಿ ಇರುವ ಆಮ್ಲಗಳೇ ಬೇರೆ, ಅವುಗಳ ಪ್ರಮಾಣ ಮನೆಯಿಂದ ಮನೆಗೆ ಬೇರೆ. ಹೊಸ ಚರ್ಮ ಬೆಳೆಯುತ್ತಿರುವ ಅಂಚನ್ನು ಅದು ಸುಟ್ಟುಬಿಡಬಹುದು. ಹಂದಿ ಮಾಂಸದ ಪಂದಿಕರಿಗೆ ಬಿಟ್ಟು ಬೇರೆಲ್ಲಿಗೂ ಅದನ್ನು ನಾನು ಶಿಫಾರಸು ಮಾಡಲಾರೆ.

ನಿಮ್ಮ ಮುಂದಿರುವ ನಿಜವಾದ ದಾರಿಗಳಲ್ಲಿ ಮೊದಲನೆಯದು ಈಗ ನಡೆಯುತ್ತಿರುವುದೇ: ಹುಣ್ಣಿನ ಸತ್ತ ಭಾಗವನ್ನು ಚಾಕುವಿನಿಂದ ತೆಗೆಯುವುದು, ಡ್ರೆಸ್ಸಿಂಗ್, ಆ ಪಾದದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಸಂಕೇತ ತಡೆಯುವ ಔಷಧಿಯಿಂದ ನೀವು ಬಯಸಿದ್ದ ಕೆಲಸವನ್ನು, ಅಂದರೆ ಬಯೋಫಿಲ್ಮ್ ಒಡೆಯುವುದನ್ನು, ಇಂದು ಎಲ್ಲಕ್ಕಿಂತ ಚೆನ್ನಾಗಿ ಮಾಡುವುದು ಆ ಚಾಕುವೇ. ಪದರ ಒಂದೆರಡು ದಿನಗಳಲ್ಲಿ ಮತ್ತೆ ಬಲಿಯತೊಡಗುವುದರಿಂದ ಒಮ್ಮೆ ಮಾಡಿ ಬಿಟ್ಟರೆ ಸಾಲದು. ಭಾರ ತಪ್ಪಿಸುವುದೆಂದರೆ ಮನೆಯಲ್ಲಿ ನಿಧಾನವಾಗಿ ಓಡಾಡುವುದು ಎಂದಲ್ಲ; ತೆಗೆಯಲಾಗದ ಪ್ಲಾಸ್ಟರ್ ಅಥವಾ ಅದಕ್ಕಾಗಿಯೇ ಮಾಡಿದ ಬೂಟು ಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ತೋಟದ ಯಜಮಾನರನ್ನು ಕೂರಿಸುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ಇಂಥ ಹುಣ್ಣುಗಳು ಮಾಗದಿರಲು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚು ಸಲ ನಡಿಗೆಯೇ ಕಾರಣವಾಗಿರುತ್ತದೆ.

ನಾಲ್ಕು ತಿಂಗಳಾಗಿರುವುದರಿಂದ ಎರಡು ಪರೀಕ್ಷೆಗಳು ಆಗಿವೆಯೇ ಎಂದು ವಿಚಾರಿಸಿ: ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಮತ್ತು ಸೋಂಕು ಮೂಳೆಗೆ ಇಳಿದಿದೆಯೇ. ರಕ್ತ ಹರಿಯದ ಪಾದಕ್ಕೆ ಯಾವ ಔಷಧಿಯೂ ತಲುಪದು, ಆಗ ರಕ್ತನಾಳದ ತಜ್ಞರು ಬೇಕು. ಮೂಳೆಯ ವಿಷಯದಲ್ಲಿ ಹುಣ್ಣಿನೊಳಗೆ ಶುದ್ಧ ಕಡ್ಡಿ ಹಾಕಿ ಮುಟ್ಟಿ ನೋಡುವುದು ಮತ್ತು ಎಕ್ಸ್‌ರೇ ಆರಂಭಕ್ಕೆ ಸಾಕು. ಇವು ಹತ್ತಿರದಲ್ಲಿ ಆಗದಿದ್ದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಅಗತ್ಯವಿದ್ದರೆ ಮೈಸೂರಿಗೋ ಮಂಗಳೂರಿಗೋ ಹೋಗುವುದು ಒಳ್ಳೆಯದು.

ಎರಡನೆಯ ದಾರಿ ಇಂಜೆಕ್ಷನ್. ಸೋಂಕು ಖಚಿತವಾದರೆ ಅದನ್ನು ತಡಮಾಡಬಾರದು. ಮೃದು ಅಂಗಾಂಶಕ್ಕೆ ಸಾಮಾನ್ಯವಾಗಿ ಒಂದೆರಡು ವಾರ, ಮೂಳೆಯನ್ನು ತೆಗೆಯದೆ ಚಿಕಿತ್ಸೆ ಮಾಡುವುದಾದರೆ ಆರು ವಾರ. ಅಮಿಕಾಸಿನ್ ಮತ್ತು ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು, ಸಕ್ಕರೆ ಕಾಯಿಲೆಯವರಲ್ಲಿ ಅದು ಮೊದಲೇ ದುರ್ಬಲವಾಗಿರಬಹುದು; ಆದ್ದರಿಂದ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗದೆ ಶುರುಮಾಡುವಂತಿಲ್ಲ. ಮೂರನೆಯದು, ಕೊಳೆತ ಮೂಳೆಯ ತುಂಡನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು. ಕೇಳಿದೊಡನೆ ಹೆದರಿಕೆಯಾದರೂ, ಸಕಾಲದಲ್ಲಿ ಮಾಡಿದ ಸಣ್ಣ ಶಸ್ತ್ರಚಿಕಿತ್ಸೆಯಿಂದ ಪಾದವೇ ಉಳಿಯುವುದುಂಟು. ಆದರೆ ಪಾದದ ಆಕಾರ ಬದಲಾಗಿ ಬೇರೆ ಜಾಗದಲ್ಲಿ ಭಾರ ಬಿದ್ದು ಹೊಸ ಹುಣ್ಣಾಗುವ ಅಪಾಯವಿದೆ. ಯಾರಾದರೂ ಸಂಕೇತ ತಡೆಯುವ ಹೊಸ ಚಿಕಿತ್ಸೆ ಎಂದು ಹಣ ಕೇಳಿದರೆ, ಅದು ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಮೊದಲು ಕೇಳಿ; ದಾಖಲಾದ ಪರೀಕ್ಷೆಯಲ್ಲಿ ಪ್ರಾಯೋಗಿಕ ಔಷಧಿಗೆ ರೋಗಿಯಿಂದ ಹಣ ಪಡೆಯುವ ಪದ್ಧತಿಯಿಲ್ಲ.

ಕಾದು ನೋಡುವ ಈ ಅವಧಿಯಲ್ಲಿ ಹುಣ್ಣಿನ ಅಂಚಿನಿಂದ ಎರಡು ಸೆಂಟಿಮೀಟರಿಗಿಂತ ಆಚೆ ಕೆಂಪು ಹರಡಿದರೆ, ಚರ್ಮ ಕಪ್ಪಾದರೆ, ವಾಸನೆ ಹೆಚ್ಚಾದರೆ, ಚಳಿಜ್ವರ ಬಂದರೆ, ಕಾರಣವಿಲ್ಲದೆ ಸಕ್ಕರೆ ಏರಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜ್ವರ ಬಂದಿಲ್ಲವೆಂದು ಸಮಾಧಾನಪಡಬೇಡಿ, ಸಕ್ಕರೆ ಕಾಯಿಲೆಯವರಲ್ಲಿ ದೊಡ್ಡ ಸೋಂಕಿಗೂ ಜ್ವರ ಬಾರದಿರುವುದುಂಟು.

ಹಂದಿಗಳ ಮೇಲಿನ ಅನುಮಾನಕ್ಕೆ ಹೆಚ್ಚು ಆಧಾರವಿಲ್ಲ. ಸ್ಯೂಡೊಮೊನಾಸ್ ಬಹುಪಾಲು ನೀರು ಮತ್ತು ತೇವದಿಂದ, ಇಲ್ಲವೇ ಆಸ್ಪತ್ರೆಯ ಪರಿಸರದಿಂದ ಬರುತ್ತದೆ. ಆದರೂ ಹುಣ್ಣು ಇರುವವರೆಗೆ ಮಾವನವರು ಹಂದಿಗೂಡಿಗೆ ಇಳಿಯದಿರುವುದು ಮೇಲು. ಹಂದಿಗಳಿಗೆ ಬೆಳವಣಿಗೆಗೆಂದು ಮೇವಿನಲ್ಲಿ ಔಷಧಿ ಬೆರೆಸುತ್ತಿದ್ದರೆ ಚೀಲದ ಮೇಲಿನ ಹೆಸರನ್ನು ಪಶುವೈದ್ಯರಿಗೆ ತೋರಿಸಿ. ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ತಯಾರಿಸುವುದನ್ನೂ ಮಾರುವುದನ್ನೂ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿದೆ. ಹಳೆಯ ದಾಸ್ತಾನು ಎಲ್ಲಾದರೂ ಉಳಿದಿದ್ದರೆ ಅದನ್ನು ಬಳಸಬೇಡಿ, ತೋಡಿಗೂ ಸುರಿಯಬೇಡಿ.